ಮನೆಯಲ್ಲೇ ಹಳೇ ಜಾವಾ ಕಟ್ಟುವುದು: ಆರ್‌ಸಿಯಿಂದ ಮೊದಲ ಐನೂರು ಕಿಲೋಮೀಟರ್‌ವರೆಗೆ

ನಮ್ಮ ದೊಡ್ಡಪ್ಪನ ಜಾವಾ ಬೈಕು ಹನ್ನೊಂದು ವರ್ಷ ಸೌದೆ ಕೊಟ್ಟಿಗೆಯಲ್ಲಿ ನಿಂತಿತ್ತು. 1967ರ ಗಾಡಿ. ಅದನ್ನು ಹೊರಗೆ ಎಳೆದ ವಾರವೇ ನಾನು ಓಡಿದ್ದು ಪೇಂಟ್ ಮಾಡುವವರ ಹತ್ತಿರ. ಮರೂನ್ ಬಣ್ಣ ಹೊಡೆಸಿದೆ, ಬಂಗಾರದ ಗೆರೆ ಎಳೆಸಿದೆ, ಜಗುಲಿ ಮುಂದೆ ನಿಲ್ಲಿಸಿ ಬಂದವರಿಗೆಲ್ಲ ತೋರಿಸಿದೆ. ಎರಡು ತಿಂಗಳಾದ ಮೇಲೆ ಸ್ಟಾರ್ಟ್ ಮಾಡಿದರೆ ಬೀದಿ ತುಂಬ ಬಿಳಿ ಹೊಗೆ. ಎಂಜಿನ್ ಇಳಿಸಲೇಬೇಕಾಯಿತು. ಇಳಿಸುವಾಗ ಫ್ರೇಮಿನ ಹೊಸ ಬಣ್ಣ ಮೂರು ಕಡೆ ಕಿತ್ತು ಬಂತು. ಟ್ಯಾಂಕಿನ ಕೊಳಾಯಿಯಿಂದ ಸೋರಿದ ಪೆಟ್ರೋಲ್ ಇನ್ನೊಂದು ಕಡೆ ಬಣ್ಣ ತಿಂದಿತು. ದೊಡ್ಡಪ್ಪ ಏನೂ ಅನ್ನಲಿಲ್ಲ. ಸುಮ್ನೆ ನೋಡಿ ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ ಇಲ್ಲಿ ಹೇಳುವ ಕೆಲಸದ ಸಾಲು ಬೇರೆ. ಮೊದಲು ಕಾಗದ ಪತ್ರ, ಆಮೇಲೆ ಎಂಜಿನ್, ಆಮೇಲೆ ಟ್ಯಾಂಕ್ ಮತ್ತು ವೈರಿಂಗ್. ತುಕ್ಕು ಹಿಡಿದ ಮೈಯಲ್ಲೇ ಒಂದಷ್ಟು ದಿನ ಓಡಿಸುವುದು. ಬಣ್ಣ ಕಟ್ಟಕಡೆಗೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಗಾಡಿ ಮಾಡಿತು. ಮೊದಲು ಜೆಕ್ ಜಾವಾ ಹೆಸರಿನಲ್ಲಿ, 70ರ ದಶಕದಿಂದ ಯೆಜ್ಡಿ ಹೆಸರಿನಲ್ಲಿ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, 250 ಸಿಸಿ ಟು ಸ್ಟ್ರೋಕ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಆಯಿಲ್ ಪಂಪೂ ಇಲ್ಲ. ಮನೆಯಲ್ಲಿ ಬಿಚ್ಚಿ ಕಲಿಯುವವರಿಗೆ ಇದಕ್ಕಿಂತ ಸುಲಭದ ಎಂಜಿನ್ ಸಿಗುವುದು ಕಷ್ಟ. ಮೈಸೂರು ಕಡೆ ಈ ಗಾಡಿ ಗೊತ್ತಿರುವ ಹಳೇ ಕೈಗಳು ಇನ್ನೂ ಇವೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಾಮಾನೂ ಸಿಗುತ್ತದೆ. ಒಂದು ಮಾತು ನೆನಪಿರಲಿ. 2018ರಲ್ಲಿ ಬಂದ ಹೊಸ ಜಾವಾದ ಬಿಡಿಭಾಗ ಇದಕ್ಕೆ ಹೊಂದುವುದಿಲ್ಲ. ಹೆಸರು ಒಂದೇ, ಗಾಡಿ ಬೇರೆ.

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ

ಗಾಡಿ ಇನ್ನೂ ಕೊಂಡಿಲ್ಲ ಅಂದರೆ ಈ ಭಾಗವನ್ನು ಎರಡು ಸಲ ಓದಿ. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿಗೆ ಹೋಲಿಸಿ. ಹಳೇ ಗಾಡಿಗಳಲ್ಲಿ ಎಂಜಿನ್ ಬದಲಾಗಿರುವುದು ಮಾಮೂಲು. ನಂಬರ್ ಮೇಲಿನ ಕೊಳೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಗ್ರೈಂಡರ್ ಮುಟ್ಟಿಸಬೇಡಿ. ನಂಬರ್ ಸವೆದು ಹೋದರೆ ಆರ್‌ಟಿಒದಲ್ಲಿ ನೀವೇ ಉತ್ತರ ಹೇಳಬೇಕು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆರ್‌ಸಿಯ ಹದಿನೈದು ವರ್ಷದ ಅವಧಿ ಯಾವತ್ತೋ ಮುಗಿದಿರುತ್ತದೆ. ಗಾಡಿ ಓಡುವ ಸ್ಥಿತಿಗೆ ಬಂದ ಮೇಲೆ ಆರ್‌ಟಿಒಗೆ ತೋರಿಸಿ ಐದು ವರ್ಷಕ್ಕೆ ನವೀಕರಿಸಬಹುದು. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿದ ಗಾಡಿಗೆ ಇನ್ನೊಂದು ದಾರಿಯೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮದಲ್ಲಿ, ಹೊಸದಾಗಿ ರಿಜಿಸ್ಟರ್ ಮಾಡಿಸುವ ಗಾಡಿಗೆ 'ವಿಎ' ಅಕ್ಷರದ ನಂಬರ್ ಪ್ಲೇಟ್ ಕೊಡುತ್ತಾರೆ. ಹೊಸ ರಿಜಿಸ್ಟ್ರೇಶನ್‌ಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಆ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ನನಗೆ ತರಕಾರಿ ತರಲೂ ಜಾವಾ ಬೇಕು. ಅದಕ್ಕೇ ಹಳೇ ನಂಬರನ್ನೇ ನವೀಕರಿಸಿದೆ. ಆರ್‌ಸಿ ಇಲ್ಲದ ಗಾಡಿ ಎಷ್ಟು ಅಗ್ಗಕ್ಕೆ ಬಂದರೂ ಸಾಮಾನಿಗೆಂದು ಕೊಳ್ಳಿ, ಓಡಿಸಲು ಬೇಡ.

ಸಾಮಾನು ಮತ್ತು ಜಾಗ

ನೆರಳಿರುವ, ಗಾಳಿಯಾಡುವ ಒಂದು ಮೂಲೆ ಸಾಕು. ಒಲೆ, ದೇವರ ದೀಪದಿಂದ ದೂರ ಇರಲಿ. ಮಿಲಿಮೀಟರ್ ಅಳತೆಯ ರಿಂಗ್ ಸ್ಪ್ಯಾನರ್, ಬಾಕ್ಸ್ ಸ್ಪ್ಯಾನರ್, ಒಳ್ಳೇ ಸ್ಕ್ರೂಡ್ರೈವರ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ತಗಡುಗಳು), ವರ್ನಿಯರ್, ಮಲ್ಟಿಮೀಟರ್ ಬೇಕು. ಡೈನಮೊ ರೋಟರ್ (ಕರೆಂಟ್ ಮಾಡುವ ಡೈನಮೊದ ತಿರುಗುವ ಭಾಗ) ಮತ್ತು ಕ್ಲಚ್ ಕೀಳುವ ಪುಲ್ಲರ್ ಜಾವಾಕ್ಕೆಂದೇ ಸಿಗುತ್ತದೆ. ಅದಿಲ್ಲದೆ ಕೆಲಸ ಶುರು ಮಾಡಬೇಡಿ. ಸುತ್ತಿಗೆಯಲ್ಲಿ ಹೊಡೆದು ರೋಟರ್ ತೆಗೆದವರ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಓರೆಯಾಗಿರುವುದನ್ನು ನೋಡಿದ್ದೇನೆ.

ನಟ್ಟು ಬೋಲ್ಟು ಇಡಲು ಹಳೇ ಇಡ್ಲಿ ತಟ್ಟೆಗಿಂತ ಒಳ್ಳೆಯದು ಯಾವುದೂ ಇಲ್ಲ. ಒಂದು ಕುಳಿಗೆ ಒಂದು ಭಾಗದ ಬೋಲ್ಟು. ಬಿಚ್ಚುವ ಮೊದಲು ಫೋಟೊ, ಬಿಚ್ಚಿದ ಮೇಲೆ ಫೋಟೊ. ಆರು ತಿಂಗಳಾದ ಮೇಲೆ ಯಾವ ವಾಷರ್ ಎಲ್ಲಿತ್ತು ಅಂತ ತಲೆ ಕೆರೆದುಕೊಳ್ಳುವಾಗ ಆ ಫೋಟೊವೇ ಗತಿ.

ಕಚ್ಚಿಕೊಂಡ ಎಂಜಿನ್

ವರ್ಷಗಟ್ಟಲೆ ನಿಂತ ಗಾಡಿಯ ಕಿಕ್ಕರ್ ಮೇಲೆ ಹಾರಿ ನಿಲ್ಲಬೇಡಿ. ಪಿಸ್ಟನ್ ಕಚ್ಚಿಕೊಂಡಿದ್ದರೆ ರಿಂಗ್ ಮುರಿಯುತ್ತದೆ, ಕಿಕ್ಕರ್ ಹಲ್ಲೂ ಹೋಗುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು ಮೂರು ನಾಲ್ಕು ದಿನ ಬಿಡಿ. ಆಮೇಲೆ ಗಾಡಿಯನ್ನು ಮೂರನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ನಮ್ಮದು ಐದನೇ ದಿನ 'ಕಟ್' ಅಂತ ಬಿಟ್ಟಿತು.

ಕಿಕ್ಕರ್ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಜಾವಾದಲ್ಲಿ ಗೇರ್ ಲಿವರೂ ಕಿಕ್ಕರೂ ಒಂದೇ. ಲಿವರನ್ನು ಒಳಗೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಗೇರ್ ಹಾಕುವಾಗ ಅದೇ ಲಿವರ್ ಕ್ಲಚ್ಚನ್ನೂ ಬಿಡಿಸುತ್ತದೆ. ಗಾಡಿ ತೋರಿಸಲು ಕರೆದ ಹುಡುಗರೆಲ್ಲ ಕಿಕ್ಕರ್ ಎಲ್ಲಿ ಅಂತ ಬಲಗಡೆ ಹುಡುಕುತ್ತಾರೆ.

ಎಂಜಿನ್ ಇಳಿಸುವುದು, ಬಿಚ್ಚುವುದು

ಗೇರ್ ಆಯಿಲ್ ಬಸಿದು, ಸೈಲೆನ್ಸರ್, ಕಾರ್ಬೊರೇಟರ್, ಕೇಬಲ್ ತೆಗೆಯಿರಿ. ಕ್ಲಚ್ಚಿನ ನಟ್ಟು, ರೋಟರಿನ ಬೋಲ್ಟು ಎರಡನ್ನೂ ಎಂಜಿನ್ ಫ್ರೇಮಿನಲ್ಲಿರುವಾಗಲೇ, ಚೈನ್ ತೆಗೆಯುವ ಮೊದಲು ಸಡಿಲ ಮಾಡಿಕೊಳ್ಳಿ. ಗಾಡಿ ಗೇರಿನಲ್ಲಿರಲಿ, ಇನ್ನೊಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿಯಲಿ. ಎಂಜಿನ್ ನೆಲಕ್ಕೆ ಬಂದ ಮೇಲೆ ಅದನ್ನು ಹಿಡಿದು ನಟ್ಟು ತಿರುಗಿಸುವುದು ನರಕ.

ಹೆಡ್ಡು, ಸಿಲಿಂಡರ್ ಬಿಚ್ಚಿದ ಕೂಡಲೇ ಕೆಳಗಿನ ಬಾಯಿಗೆ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಲಾಕ್ ಒಳಗೆ ಬಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಅದಕ್ಕೆ ಬೀಳುವ ಚಟ ಬೇರೆ ಇದೆ.

ಈಗ ಮುಖ್ಯವಾದ ಪ್ರಶ್ನೆ: ಕೇಸ್ ಒಡೆಯಬೇಕಾ, ಅಂದರೆ ಕ್ರ್ಯಾಂಕ್ ಕೂತಿರುವ ಎಂಜಿನ್ ಗೂಡಿನ ಎರಡು ಹೋಳು ಬಿಡಿಸಬೇಕಾ, ಬೇಡವಾ? ಮೇಲಿನ ಭಾಗ ಮಾತ್ರ ಸರಿ ಮಾಡಿ ಮುಚ್ಚಿಬಿಡೋಣ ಅಂತ ಎಲ್ಲರಿಗೂ ಆಸೆ. ಹತ್ತು ವರ್ಷ ನಿಂತ ಗಾಡಿಯಾದರೆ ಒಡೆಯಿರಿ. ಕಾರಣ ಆಯಿಲ್ ಸೀಲ್. ಟು ಸ್ಟ್ರೋಕ್ ಎಂಜಿನ್ ಉಸಿರಾಡುವುದೇ ಕ್ರ್ಯಾಂಕ್ ಇರುವ ಕೋಣೆಯ ಮೂಲಕ. ಪಿಸ್ಟನ್ ಮೇಲೆ ಹೋದಾಗ ಆ ಕೋಣೆ ಪೆಟ್ರೋಲ್ ಗಾಳಿಯನ್ನು ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಒತ್ತಿ ಮೇಲೆ ಕಳಿಸುತ್ತದೆ. ಕ್ರ್ಯಾಂಕಿನ ಎರಡು ಕಡೆಯ ಸೀಲುಗಳು ಆ ಕೋಣೆಯ ಬಾಗಿಲು. ರಬ್ಬರ್ ಒಣಗಿ ಗಟ್ಟಿಯಾದರೆ ಬಾಗಿಲು ತೆರೆದ ಹಾಗೆ.

ಎಡಗಡೆ ಸೀಲ್ ಹೋದರೆ ಪಕ್ಕದ ಕ್ಲಚ್ ಕೋಣೆಯ ಗೇರ್ ಆಯಿಲನ್ನು ಎಂಜಿನ್ ಕುಡಿಯುತ್ತದೆ. ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಕಮ್ಮಿಯಾಗುತ್ತಾ ಹೋಗುತ್ತದೆ. ನನ್ನ ಗಾಡಿಗೆ ಆಗಿದ್ದು ಇದೇ. ಬಲಗಡೆಯದು ಹೋದರೆ ಡೈನಮೊ ಕಡೆಯಿಂದ ಬರೀ ಗಾಳಿ ಎಳೆಯುತ್ತದೆ. ಆಗ ಪೆಟ್ರೋಲ್ ತೆಳುವಾಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ಕಿರುಚುತ್ತದೆ, ಬಿಸಿಯಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೊಗೆಗಿಂತ ಇದು ಅಪಾಯ. ಎಷ್ಟೋ ಜನ ಇದನ್ನು ಕಾರ್ಬೊರೇಟರ್ ತೊಂದರೆ ಅಂದುಕೊಂಡು ಅದರ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು) ಬದಲಾಯಿಸುತ್ತಾ ಕೂರುತ್ತಾರೆ.

ಕೇಸಿನ ಎರಡು ಹೋಳುಗಳನ್ನು ಬಿಡಿಸುವಾಗ ಮಧ್ಯೆ ಸ್ಕ್ರೂಡ್ರೈವರ್ ತೂರಿಸಬೇಡಿ. ಅಲ್ಯುಮಿನಿಯಂ ಗೀಚಿದರೆ ಅಲ್ಲೇ ಸೋರಿಕೆ. ಮರದ ಸುತ್ತಿಗೆಯಿಂದ ಸುತ್ತ ತಟ್ಟಿ. ಬೇರಿಂಗ್ ತೆಗೆಯಲು, ಹಾಕಲು ಕೇಸನ್ನು ಬಿಸಿ ಮಾಡಬೇಕು. ದೋಸೆ ಹೆಂಚಿಗೆ ನೀರು ಚಿಮುಕಿಸಿ ನೋಡುತ್ತೀರಲ್ಲ, ಅದೇ ಲೆಕ್ಕ. ಚುರ್ ಅಂದರೆ ಸಾಕು. ಆ ಬಿಸಿಗೆ ಹಳೇ ಬೇರಿಂಗ್ ಒಂದು ಏಟಿಗೆ ಉದುರುತ್ತದೆ, ಹೊಸದು ತಾನಾಗಿ ಕೂರುತ್ತದೆ. ಕ್ರ್ಯಾಂಕ್ ಬೇರಿಂಗ್ ಒಳ್ಳೇ ಕಂಪನಿಯದ್ದು, 'ಸಿ3' (ಒಳಗೆ ಸ್ವಲ್ಪ ಹೆಚ್ಚು ಸಡಿಲ ಇರುವ) ಗುರುತಿನದ್ದು ತನ್ನಿ. ಇಲ್ಲಿ ನೂರಿನ್ನೂರು ಉಳಿಸಲು ಹೋಗಬೇಡಿ.

ಲೇತಿಗೆ ಕಳಿಸುವ ಎರಡು ಕೆಲಸ

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಬಹುದು, ಮೇಲೆ ಕೆಳಗೆ ಆಡಲೇಬಾರದು. ಆಡಿದರೆ ಹೊಸ ರಾಡ್ ಕಿಟ್. ಇದು ಪ್ರೆಸ್ ಮಾಡಿ ಕೂರಿಸುವ ಕ್ರ್ಯಾಂಕ್, ಮನೆಯಲ್ಲಿ ಆಗುವ ಕೆಲಸವಲ್ಲ. ಡಯಲ್ ಗೇಜ್ ಇಟ್ಟು ನೇರ ಮಾಡುವ ಲೇತ್‌ನವರನ್ನು ಹುಡುಕಿ. ಮುಗಿದ ಮೇಲೆ ಎದುರಿಗೇ ತಿರುಗಿಸಿ ತೋರಿಸಲು ಹೇಳಿ. ಗೇಜಿನ ಮುಳ್ಳು 0.03 ಮಿ.ಮೀ. ಆಸುಪಾಸಿನಲ್ಲಿದ್ದರೆ ಒಳ್ಳೆಯದು. 'ಕಣ್ಣಲ್ಲೇ ಗೊತ್ತಾಗುತ್ತೆ ಸಾರ್' ಅಂದರೆ ಎದ್ದು ಬನ್ನಿ.

ಎರಡನೆಯದು ಬೋರ್, ಅಂದರೆ ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು ದುಂಡು ಮಾಡುವುದು. ಜಾವಾದ ಮೂಲ ಅಳತೆ 65 ಮಿ.ಮೀ. ಒಂದೊಂದು ಬೋರಿಗೆ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್. ಮೊದಲು ಪಿಸ್ಟನ್ ಕೊಳ್ಳಿ, ಅದನ್ನು ಕೈಗೆ ಕೊಟ್ಟು ಅದಕ್ಕೆ ಸರಿಯಾಗಿ ಬೋರ್ ಮಾಡಿಸಿ. ಹಿಂದು ಮುಂದು ಮಾಡಿದರೆ ಪಿಸ್ಟನ್ ಒಂದೋ ಬಿಗಿ, ಇಲ್ಲಾ ಸಡಿಲ. ಬೋರ್ ಆದ ಮೇಲೆ ಸಿಲಿಂಡರ್ ಒಳಗೆ ಬೆರಳಾಡಿಸಿ. ಪೋರ್ಟುಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಅಂಚು ಬ್ಲೇಡಿನ ಹಾಗೆ ಚೂಪಾಗಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಸಣ್ಣ ಅರದಿಂದ ಅಂಚನ್ನು ಮೊಂಡು ಮಾಡಬೇಕು. ಎಷ್ಟೋ ಲೇತ್‌ನವರು ಇದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಸೋಪು ನೀರಿನಲ್ಲಿ, ಬಿಳಿ ಬಟ್ಟೆ ಬಿಳಿಯಾಗೇ ಬರುವವರೆಗೆ ಸಿಲಿಂಡರ್ ತೊಳೆದು ತಕ್ಷಣ ಎಣ್ಣೆ ಸವರಿ.

ಮುಚ್ಚುವಾಗ

ಹೊಸ ಸೀಲಿನ ತುಟಿಗೆ ಗ್ರೀಸ್ ಸವರಿ ಹಾಕಿ. ಒಣಗಿಸಿ ಹಾಕಿದರೆ ಮೊದಲ ಸ್ಟಾರ್ಟಿಗೇ ತುಟಿ ಸುಡುತ್ತದೆ. ರಿಂಗನ್ನು ಸಿಲಿಂಡರ್ ಒಳಗಿಟ್ಟು ಬಾಯಿಯ ಸಂದು ಅಳೆಯಿರಿ. 0.2ರಿಂದ 0.3 ಮಿ.ಮೀ. ಇರಲಿ. ರಿಂಗಿನ ಬಾಯಿ ಪಿಸ್ಟನ್ನಿನ ಪುಟ್ಟ ಮೊಳೆಗೆ ಸರಿಯಾಗಿ ಕೂರಬೇಕು, ಪಿಸ್ಟನ್ ಮೇಲಿನ ಬಾಣ ಮುಂದಕ್ಕೆ, ಸೈಲೆನ್ಸರ್ ಕಡೆಗೆ ನೋಡಬೇಕು. ಕ್ಲಚ್ಚಿಗೆ ಹೊಸ ಕಾರ್ಕ್ ಪ್ಲೇಟ್ ಹಾಕುವುದಾದರೆ ಹಿಂದಿನ ರಾತ್ರಿಯೇ ಗೇರ್ ಆಯಿಲಿನಲ್ಲಿ ನೆನೆಸಿ, ಬೇಳೆ ನೆನೆಸಿದ ಹಾಗೆ.

ಇನ್ನು ನನ್ನ ಇಷ್ಟದ ಪರೀಕ್ಷೆ. ಮನೆಯಲ್ಲಿ ಬಿಪಿ ನೋಡುವ ಹಳೇ ಮೀಟರ್ ಇದ್ದರೆ ತನ್ನಿ, ಮುಳ್ಳಿನದ್ದು, ಕೈಯಲ್ಲಿ ಗಾಳಿ ಹೊಡೆಯುವಂಥದ್ದು. ಸಿಲಿಂಡರಿನಲ್ಲಿ ಸೈಲೆನ್ಸರ್ ಕೂರುವ ಎರಡು ಬಾಯಿಗೆ ಟ್ಯೂಬ್ ರಬ್ಬರ್ ಬಿಗಿದು ಮುಚ್ಚಿ. ಕಾರ್ಬೊರೇಟರ್ ಕೂರುವ ಜಾಗಕ್ಕೆ ರಬ್ಬರ್ ಕಾರ್ಕ್ ತುರುಕಿ, ಅದರಲ್ಲಿ ತೂತು ಮಾಡಿ ಮೀಟರಿನ ಪೈಪ್ ಸಿಕ್ಕಿಸಿ. ಪ್ಲಗ್ ಬಿಗಿಯಾಗಿರಲಿ. ಮುಳ್ಳು 250ಕ್ಕೆ ಬರುವ ತನಕ ಗಾಳಿ ಹೊಡೆದು, ಐದು ನಿಮಿಷ ಕಾಯಿರಿ. ನಿಂತರೆ ಎಂಜಿನ್ ಬಿಗಿಯಾಗಿದೆ. ಇಳಿದರೆ ಸೋಪಿನ ನೊರೆ ಸವರಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ನನಗೆ ಮೊದಲ ಸಲ ಗುಳ್ಳೆ ಬಂದಿದ್ದು ಸಿಲಿಂಡರಿನ ಕೆಳಗಿನ ಪ್ಯಾಕಿಂಗಿನಲ್ಲಿ. ಎಂಜಿನ್ ಫ್ರೇಮಿಗೆ ಏರಿಸುವ ಮೊದಲೇ ಗೊತ್ತಾಯಿತಲ್ಲ, ಅದೇ ಲಾಭ.

ಟ್ಯಾಂಕು, ಕಾರ್ಬೊರೇಟರ್

ಟ್ಯಾಂಕ್ ಒಳಗಿನ ತುಕ್ಕಿಗೆ ನಿಂಬೆ ಉಪ್ಪು ಸಾಕು. ಲೀಟರ್ ಬಿಸಿನೀರಿಗೆ ನೂರು ಗ್ರಾಂ, ಒಂದು ರಾತ್ರಿ. ಹಿಡಿ ತುಂಬ ಹಳೇ ನಟ್ಟು ಹಾಕಿ ಕುಲುಕಿದರೆ ಗಟ್ಟಿ ತುಕ್ಕೂ ಬಿಡುತ್ತದೆ. ಆಮೇಲೆ ನಟ್ಟು ಎಣಿಸಿ ತೆಗೆಯಿರಿ. ಸೋಡಾಪುಡಿ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ತಡ ಮಾಡದೆ ಟು ಟಿ ಆಯಿಲ್ (ಟು ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಸೇರಿಸುವ ಎಣ್ಣೆ) ಬೆರೆತ ಪೆಟ್ರೋಲ್ ಹಾಕಿ ಅಲ್ಲಾಡಿಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಬೇಡ. ಕ್ರೋಮ್ ಇರುವ ಟ್ಯಾಂಕಿಗಂತೂ ಬೇಡವೇ ಬೇಡ. ತೂತಿದ್ದರೆ ವೆಲ್ಡಿಂಗ್ ಗೊತ್ತಿರುವವರಿಗೇ ಕೊಡಿ. ಒಣಗಿದ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಉಳಿದಿರುತ್ತದೆ, ಸಿಡಿಯುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥೆನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ರಬ್ಬರ್ ತಿನ್ನುತ್ತದೆ. ಪೆಟ್ರೋಲ್ ಪೈಪು, ಕೊಳಾಯಿಯ ವಾಷರ್ ಎಲ್ಲ ಹೊಸದು ಹಾಕಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಬಸಿದುಬಿಡಿ.

ಹಳೇ ಜಾವಾದ ಜಿಕೋವ್ ಕಾರ್ಬೊರೇಟರ್ ತೊಳೆಯುವುದು ಸುಲಭ. ಜೆಟ್ಟಿನ ತೂತಿಗೆ ಸೂಜಿ ಹಾಕಬೇಡಿ, ತೂತು ಅಗಲವಾಗುತ್ತದೆ. ಗಾಳಿ ಹೊಡೆಯಿರಿ. ಒಳಗೆ ಪೆಟ್ರೋಲಿನಲ್ಲಿ ತೇಲುವ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ತೂತಿದೆ ಅಂತ ಅರ್ಥ.

ಕರೆಂಟು

ಜಾವಾದಲ್ಲಿರುವುದು 6 ವೋಲ್ಟಿನ ಡೈನಮೊ. ಬ್ಯಾಟರಿ ಸತ್ತರೆ ಕಿಡಿಯೂ ಸತ್ತ ಹಾಗೆ. ಹಳೇ ವೈರಿಂಗ್ ಮುಟ್ಟಿದರೆ ಪುಡಿಯಾಗುತ್ತದೆ, ಪೂರ್ತಿ ಹೊಸ ಕಿಟ್ ಹಾಕಿ. ಡೈನಮೊದ ಕಾರ್ಬನ್ ಬ್ರಷ್, ಕಂಡೆನ್ಸರ್, ಪಾಯಿಂಟ್ (ಕಿಡಿ ಹಾರಿಸಲು ಕರೆಂಟ್ ಕತ್ತರಿಸುವ ಸ್ವಿಚ್) ಕೂಡ ಹೊಸದಿರಲಿ. ಪಾಯಿಂಟ್ ಸಂದು 0.4 ಮಿ.ಮೀ., ಪ್ಲಗ್ಗಿನದು 0.6. ಅರ್ತ್ ಸಿಗುವ ಜಾಗಗಳನ್ನು ಎಮರಿ ಪೇಪರ್ ಹಾಕಿ ಹೊಳೆಯುವ ಹಾಗೆ ಉಜ್ಜಿ. ಜಾವಾದ ಅರ್ಧ ಕರೆಂಟ್ ತೊಂದರೆ ಅಲ್ಲೇ ಇರುತ್ತದೆ.

ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಇಡಲು ಪ್ಲಗ್ಗಿನ ತೂತಿನಲ್ಲಿ ವರ್ನಿಯರ್ ಕಡ್ಡಿ ಇಳಿಸಿ ಪಿಸ್ಟನ್ ಎಲ್ಲಿ ತುದಿ ಮುಟ್ಟುತ್ತದೆ ನೋಡಿ. ಅಲ್ಲಿಂದ ಹಿಂದಕ್ಕೆ ನಿಮ್ಮ ಮಾಡೆಲಿನ ಮ್ಯಾನುಯಲ್ ಹೇಳುವಷ್ಟು, ಹೆಚ್ಚುಕಮ್ಮಿ 3 ಮಿ.ಮೀ., ತಿರುಗಿಸಿ. ಪಾಯಿಂಟಿಗೆ ಅಡ್ಡವಾಗಿ ಒಂದು 6 ವೋಲ್ಟ್ ಬಲ್ಬ್ ಕಟ್ಟಿ. ಕೀ ಆನ್ ಇರುವಾಗ, ಪಾಯಿಂಟ್ ಬಿಚ್ಚುವ ಕ್ಷಣಕ್ಕೆ ಬಲ್ಬ್ ಹತ್ತುತ್ತದೆ. ಆ ಕ್ಷಣ ಸರಿಯಾಗಿ ಅಲ್ಲೇ ಬರಬೇಕು.

12 ವೋಲ್ಟಿನ ಎಲೆಕ್ಟ್ರಾನಿಕ್ ಕಿಟ್ ಹಾಕಿಬಿಡಿ ಅನ್ನುವವರು ಇದ್ದಾರೆ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ನಿಜ. ರಾತ್ರಿ ಹೆದ್ದಾರಿಯಲ್ಲಿ ಓಡಿಸುವವರು ಹಾಕಿಕೊಳ್ಳಲಿ. ನಾನು ಹಾಕಿಲ್ಲ. ಹೆಡ್‌ಲೈಟ್ ತಲೆಯ ಮೇಲೆ ಮೊಳೆಯಂಥ ಕೀ ಚುಚ್ಚಿ ತಿರುಗಿಸಿದಾಗ ಆ ಕೆಂಪು ದೀಪ ಮಿಣಕ್ ಅನ್ನುವುದನ್ನು ನೋಡಲೇ ನಾನು ಈ ಗಾಡಿ ಎತ್ತಿದ್ದು. ಆ ಕೀ ಎಲ್ಲ ಜಾವಾಕ್ಕೂ ಆಗುತ್ತದೆ. ಹಾಗಾಗಿ ಬೇರೆ ಬೀಗ ಹಾಕಿ.

ಮೊದಲ ಸ್ಟಾರ್ಟು

ಸೈಲೆನ್ಸರ್ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಒಳಕೊಳವೆ) ಎಳೆದು ಕರಿ ತೆಗೆದಿರಬೇಕು. ಬ್ಯಾಫಲ್ ಬಿಸಾಕಿ ಸದ್ದು ಮಾಡಿಸಬೇಡಿ, ಎಳೆತ ಕಮ್ಮಿಯಾಗುತ್ತದೆ. ಗೇರ್ ಬಾಕ್ಸಿಗೆ ಸುಮಾರು ಒಂದು ಲೀಟರ್ ಆಯಿಲ್. ಪೆಟ್ರೋಲಿಗೆ ಲೀಟರಿಗೆ 50 ಮಿ.ಲೀ. ಟು ಟಿ ಆಯಿಲ್, ಡಬ್ಬದಲ್ಲೇ ಕುಲುಕಿ ಬೆರೆಸಿ ಹಾಕಿ.

ಕಾರ್ಬೊರೇಟರಿನ ಟಿಕ್ಲರ್ ಗುಂಡಿಯನ್ನು ಪೆಟ್ರೋಲ್ ಒಸರುವ ತನಕ ಒತ್ತಿ. ಕೀ ಇಲ್ಲದೆ ನಾಲ್ಕು ಕಿಕ್, ಆಮೇಲೆ ಕೀ ಹಾಕಿ ಐದನೆಯದು. ಮೊದಲ ಎರಡು ನಿಮಿಷ ಹೊಗೆ ಬಂದೇ ಬರುತ್ತದೆ, ಕೇಸಿಗೆ ಸವರಿದ ಎಣ್ಣೆ ಅದು. ಹತ್ತು ನಿಮಿಷವಾದರೂ ನಿಲ್ಲದಿದ್ದರೆ ಸೀಲ್ ನೋಡಿ.

ಹೀಗೇ ತುಕ್ಕಿನ ಮೈಯಲ್ಲಿ ಇನ್ನೂರು ಕಿಲೋಮೀಟರ್ ಓಡಿಸಿ. ಬ್ರೇಕ್ ಶೂ, ಹ್ಯಾಂಡಲ್ ಬೇರಿಂಗ್, 16 ಇಂಚಿನ ಟೈರು, ಫೋರ್ಕ್ ಆಯಿಲ್ ಮೊದಲೇ ಹೊಸದಾಗಿರಲಿ. ಇನ್ಶೂರೆನ್ಸ್, ಆರ್‌ಸಿ ಎರಡೂ ಚಾಲ್ತಿಯಲ್ಲಿರಲಿ. ಎಲ್ಲಿ ಸೋರುತ್ತದೆ, ಎಲ್ಲಿ ಬಡಿಯುತ್ತದೆ ಎಲ್ಲ ಈಗಲೇ ಗೊತ್ತಾಗಲಿ.

ಈಗ ಬಣ್ಣ

ಮತ್ತೆ ಪೂರ್ತಿ ಬಿಚ್ಚಬೇಕು. ಎರಡನೇ ಸಲ ಒಂದೇ ದಿನದ ಕೆಲಸ, ಕೈ ಪಳಗಿರುತ್ತದೆ. ಹಳೇ ಬಣ್ಣ ಕೆರೆಯುವಾಗ ಸೈಡ್ ಬಾಕ್ಸಿನ ಒಳಗೆ ಒಂದು ಕಡೆ ಮೂಲ ಬಣ್ಣ ಉಳಿದಿರುತ್ತದೆ, ಶೇಡ್ ಹೊಂದಿಸಲು ಅದೇ ಆಧಾರ. ಪುಟ್ಟಿ ತೆಳ್ಳಗಿರಲಿ. ದಪ್ಪ ಪುಟ್ಟಿ ಒಂದೇ ಬೇಸಿಗೆಗೆ ಬಿರಿಯುತ್ತದೆ. ಗೆರೆಗೆ ಸ್ಟಿಕ್ಕರ್ ಅಂಟಿಸಬೇಡಿ, ಕುಂಚದಲ್ಲಿ ಎಳೆಯುವ ಕೈ ಹುಡುಕಿ.

ಕ್ರೋಮ್ ಬಗ್ಗೆ ಎಚ್ಚರ. ನಾನು ಟ್ಯಾಂಕ್ ಕೊಟ್ಟ ಅಂಗಡಿಯಲ್ಲಿ ಜಾಸ್ತಿ ಬಫ್ ಮಾಡಿ ಮಂಡಿ ತಾಗುವ ಜಾಗದಲ್ಲಿ ತಗಡೇ ತೂತು ಬಿತ್ತು. ಮೊದಲು ತಾಮ್ರ, ಆಮೇಲೆ ನಿಕ್ಕಲ್, ಆಮೇಲೆ ಕ್ರೋಮ್ ಹಾಕುವವರಿಗೇ ಕೊಡಿ. ತಗಡು ಎಲ್ಲಿ ತೆಳುವಾಗಿದೆ ಅಂತ ಚಾಕ್‌ನಲ್ಲಿ ಗುರುತು ಹಾಕಿ ಕೊಡಿ. ಬಣ್ಣ, ಕ್ರೋಮ್ ಎರಡೇ ಸೇರಿ ನನ್ನ ಎಂಜಿನ್ ಖರ್ಚನ್ನು ಮೀರಿಸಿದವು.

ಮೊದಲ ಐನೂರು ಕಿಲೋಮೀಟರ್

ಐವತ್ತರ ಮೇಲೆ ಹೋಗಬೇಡಿ, ಒಂದೇ ವೇಗದಲ್ಲೂ ಎಳೆಯಬೇಡಿ. ಇಳಿಜಾರಿನಲ್ಲಿ ವಿಶೇಷ ಗಮನ ಬೇಕು. ಚಾಮುಂಡಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉರುಳಿಸಿದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಪೆಟ್ರೋಲ್ ಮಾತ್ರ ಹೋಗುವುದಿಲ್ಲ. ಪೆಟ್ರೋಲ್ ಹೋಗದಿದ್ದರೆ ಅದರ ಜೊತೆಗಿರುವ ಆಯಿಲೂ ಹೋಗುವುದಿಲ್ಲ. ಹೊಸ ಪಿಸ್ಟನ್ ಕಚ್ಚಿಕೊಳ್ಳುವುದು ಹತ್ತುವಾಗ ಮಾತ್ರವಲ್ಲ, ಹೀಗೆ ಇಳಿಯುವಾಗಲೂ. ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ಒಂದು ಗುಟುಕು ಕೊಡಿ. ಐನೂರು ಆದ ಮೇಲೆ ಎಂಜಿನ್ ತಣ್ಣಗಿರುವಾಗ ಹೆಡ್ ನಟ್ಟು ಬಿಗಿ ನೋಡಿ, ಗೇರ್ ಆಯಿಲ್ ಬದಲಿಸಿ, ಪಾಯಿಂಟ್ ಸಂದು ಮತ್ತೊಮ್ಮೆ ಅಳೆಯಿರಿ. ಆಮೇಲೆ ಲೀಟರಿಗೆ 40 ಮಿ.ಲೀ. ಆಯಿಲ್ ಸಾಕು.

ದೊಡ್ಡಪ್ಪ ಈಗ ರಾತ್ರಿ ಮಲಗುವ ಮೊದಲು ಗಾಡಿ ಕೆಳಗೆ ಒಂದು ರಟ್ಟು ಹಾಸುತ್ತಾರೆ. ಬೆಳಿಗ್ಗೆ ಕಾಫಿಗೆ ಮೊದಲು ಅದನ್ನು ಎತ್ತಿ ನೋಡುತ್ತಾರೆ. ನಿನ್ನೆ ಒಂದೇ ಹನಿ ಇತ್ತು, ಗೇರ್ ಲಿವರ್ ಕಡೆಯಿಂದ. ಆ ಓ ರಿಂಗ್ ಬದಲಾಯಿಸುವುದು ಬಾಕಿ ಇದೆ.